ಐದನೆಯ ಪಟ್ಟೆ

ಒಂದಾನೊಂದು ನೀರಿನಲ್ಲಿ ಒಬ್ಬ ರಾಣಿ ಇದ್ದಳು, ಅವಳ ಮನೆಗೆ ಎಡಕ್ಕೊಂದು ಬಲಕ್ಕೊಂದು ಕದ, ಎರಡೂ ಒಟ್ಟಿಗೆ ತೆರೆಯಬೇಕು, ಒಟ್ಟಿಗೆ ಮುಚ್ಚಬೇಕು, ಒಂದು ಕದ ಮುಚ್ಚಿಯೇ ಉಳಿಯಿತೆಂದರೆ ಕರೆಯದವರು ಯಾರೋ ಒಳಗೆ ಬಂದು ಕೂತಿದ್ದಾರೆಂದೇ ತಿಳಿಯಬೇಕು — ಅಜ್ಜಿ ಇದ್ದಿದ್ದರೆ ಹೀಗೆ ಶುರು ಮಾಡುತ್ತಿದ್ದಳು, ಕಾಲು ನೀಡಿಕೊಂಡು, ಮಧ್ಯೆ ಮಧ್ಯೆ ಹೂಂ ಅನ್ನಿ ಎಂದು ಗದರಿಸುತ್ತ, ಅಕ್ಕ ಹೂಂಗುಟ್ಟುತ್ತಲೇ ನಿದ್ದೆ ಹೋಗುತ್ತಿದ್ದಳು, ತಾನು ಕೊನೆಯವರೆಗೂ ಎಚ್ಚರ, ಈಗಲೂ ಎಚ್ಚರ, ಮೀನಿನ ತೊಟ್ಟಿಯ ಗಾಜಿಗೆ ಮೂಗು ಒತ್ತಿಕೊಂಡು, ಗಾಜಿನಾಚೆ ಆ ಪುಟ್ಟ ಕೆನ್ನೆ, ಕಿವಿರಿನ ಮೇಲಿನ ತೆಳ್ಳನೆಯ ಮುಚ್ಚಳ, ಬಲಗಡೆಯದು ಪಟಪಟ ಬಡಿಯುತ್ತಿದೆ, ಎಡಗಡೆಯದು ಅಂಟು ಹಚ್ಚಿದಂತೆ ಮುಚ್ಚಿದೆ, ಇನ್ನೊಂದು ಮರಿಯದೂ ಹಾಗೇ, ಅದರ ಪಕ್ಕದ್ದಕ್ಕೆ ಬಲಗಡೆ ಮುಚ್ಚಿದೆ, ನಾಣ್ಯದಗಲದ ಡಿಸ್ಕಸ್ ಮೀನಿನ ಮರಿಗಳು, ನಿನ್ನೆವರೆಗೆ ಇಪ್ಪತ್ತಮೂರು, ಬೆಳಿಗ್ಗೆ ಇಪ್ಪತ್ತೆರಡು, ಗಾಳಿಗುಳ್ಳೆ ಏಳುವ ಮೂಲೆಯಲ್ಲಿ ಒತ್ತೊತ್ತಿ ನಿಂತಿವೆ, ಆಗೊಮ್ಮೆ ಒಂದು ಮರಿ ಚಿಮ್ಮಿ ಬಂದು ಹೀಟರಿನ ಕೊಳವೆಗೆ ಕೆನ್ನೆ ಉಜ್ಜಿ ಓಡುತ್ತದೆ, ತುರಿಕೆಯೇ ಇರಬೇಕು, ನೀರಿನ ದೋಷ ಅಂತಾಳೆ ಅಕ್ಕ, ನೀರಿನ ದೋಷವಾದರೆ ಎರಡು ಕೆನ್ನೆಯೂ ಬಡಿಯಬೇಕಲ್ಲವೆ, ಒಂದೇ ಯಾಕೆ ಮುಚ್ಚುತ್ತದೆ, ಇಷ್ಟು ಸಣ್ಣ ಮಾತು ಮೂರು ವಾರದಿಂದ ತನ್ನ ತಲೆಗೆ ಯಾಕೆ ಬರಲಿಲ್ಲ — ಬಂದಿತ್ತು, ಬಂದಾಗಲೆಲ್ಲ ಅಕ್ಕ ಅದರ ಬಾಯಿ ಮುಚ್ಚಿಸಿದ್ದಳು, ಅಯ್ಯೋ ಬಿಡೇ, ಉಪ್ಪು ಹಾಕಿದೀನಿ, ಸರಿಹೋಗತ್ತೆ, ನೀನು ಮಾತ್ರ ತೊಟ್ಟಿಗೆ ಕೈ ಹಾಕ್ಬೇಡ, ನಿನ್ನ ಕೈಗುಣವೇ ಸರಿಯಿಲ್ಲ, ನೀನು ತರಬೇತಿ ಮುಗಿಸಿ ಬಂದು ನೀರು ಬದಲಾಯಿಸಿದ ಮಾರನೇ ದಿನದಿಂದ್ಲೇ ಶುರುವಾಗಿದ್ದು, ನೆನಪು ಮಾಡ್ಕೋ.

ನೆನಪು ಮಾಡಿಕೊಂಡಳು, ಮೂರು ವಾರ ಬೇರೇನನ್ನೂ ನೆನಪು ಮಾಡಿಕೊಳ್ಳಲಿಲ್ಲ, ಕೈ ತೊಳೆದಿದ್ದೆನೆ, ಸೋಪು ಉಳಿದಿತ್ತೆ, ಕ್ಲೋರಿನ್ ಹೋಗುವ ಮೊದಲೇ ನೀರು ಸುರಿದೆನೆ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಪರರ ರಕ್ತ ಮುಟ್ಟುವ ಈ ಕೈಗೆ ಏನಾದರೂ ಅಂಟಿತ್ತೆ, ಬಸ್ಸಿನಲ್ಲಿ ಕೂತು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಪಕ್ಕದ ಹೆಂಗಸು ಶಾಸ್ತ್ರ ಬರುತ್ತೇನಮ್ಮ ಅಂತ ತನ್ನ ಅಂಗೈಯನ್ನೂ ಚಾಚಿದ್ದಳು — ಇವತ್ತು ಬೆಳಿಗ್ಗೆ ಒಂದು ಮರಿ ಮೇಲೆ ತೇಲಿದಾಗ ಮಾತ್ರ ತಡೆಯಲಾಗಲಿಲ್ಲ, ಹೊಲಿಗೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ಅಕ್ಕನಿಗೆ ಹೇಳಿಬಿಟ್ಟಳು, ಇವತ್ತು ನಂಗೆ ರಜೆ, ನೀನು ಬರೋಷ್ಟರಲ್ಲಿ ಕಂಡುಹಿಡಿದು ಔಷಧ ಹಾಕಿರ್ತೀನಿ, ಮಾತು ಅಂದ್ರೆ ಮಾತು, ಅಕ್ಕ ಒಂದು ಚಪ್ಪಲಿಯಲ್ಲೇ ನಿಂತಳು, ಬೇಡ ಅಂದಳು, ಆಮೇಲೆ ನಕ್ಕು, ಆಗಲಿ ಡಾಕ್ಟರಮ್ಮ ಅಂದಳು, ಒಂದು ಚಪ್ಪಲಿಯಲ್ಲಿ ಎಷ್ಟು ಹೊತ್ತು ನಿಂತಿದ್ದಳು ಅಕ್ಕ, ಆಗ ಅದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಒಂದೊಂದೇ ಬಿಡಿಸಬೇಕು, ಸಿಕ್ಕಾದ ದಾರ ಬಿಡಿಸುವ ಹಾಗೆ, ಅಮೋನಿಯಾ ನೋಡುವ ಗಾಜಿನ ನಳಿಗೆಯಲ್ಲಿ ನೀರು ಹಳದಿಯಾಗಿಯೇ ಉಳಿಯಿತು, ತಪ್ಪಿಲ್ಲ, ನೈಟ್ರೈಟಿನದು ತಿಳಿನೀಲಿ, ತಪ್ಪಿಲ್ಲ, ಬಿಸಿ ಮೂವತ್ತು ಡಿಗ್ರಿ, ಎಷ್ಟಿರಬೇಕೋ ಅಷ್ಟೇ, ಗಾಳಿಗುಳ್ಳೆ ಬೇಕಾದಷ್ಟು, ಸತ್ತ ಮರಿ ಇನ್ನೂ ಮೆತ್ತಗಿರುವಾಗಲೇ ಕಿವಿರಿನ ಮುಚ್ಚಳ ಎತ್ತಿದಳು, ಕೈಗುಣ ಕೈಗುಣ ಅಂತ ಬೆರಳುಗಳೇ ಪಿಸುಗುಟ್ಟಿದವು, ಕಿವಿರು ಕಂದುಗಟ್ಟಿಲ್ಲ, ಹಾಗಾದರೆ ನೀರಿನ ವಿಷವಲ್ಲ, ಕೆಂಪು ಇಳಿದು ಪೇಲವವಾಗಿದೆ, ಮೇಲೆ ಲೋಳೆಯ ಪೊರೆ, ಒಂದು ಎಳೆ ಕತ್ತರಿಸಿ, ಒಂದು ಹನಿ ತೊಟ್ಟಿಯ ನೀರು ಬಿಟ್ಟು, ಗಾಜಿನ ಚೂರು ಮುಚ್ಚಿ, ಲ್ಯಾಬಿನವರು ಬಿಸಾಡಿದ್ದ ಹಳೆಯ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು, ಕಿಟಕಿಯ ಬೆಳಕು ಕನ್ನಡಿಗೆ ಬಿತ್ತು, ಬಾಚಣಿಗೆಯ ಹಲ್ಲುಗಳಂತೆ ಕಿವಿರಿನ ಸಾಲು, ಹಲ್ಲುಗಳ ನಡುವೆ ಏನೋ ಚಾಚಿತು, ಕುಗ್ಗಿತು, ಮತ್ತೆ ಚಾಚಿತು, ಹುಳ, ಒಂದಲ್ಲ, ಮೂರು, ನಾಲ್ಕು, ತಲೆಯ ಮೇಲೆ ನಾಲ್ಕು ಕಪ್ಪು ಚುಕ್ಕೆ, ನಾಲ್ಕು ಕಣ್ಣು, ಬಾಲದಲ್ಲಿ ಕೊಕ್ಕೆ ನೆಟ್ಟುಕೊಂಡು ಮೈಯನ್ನೆಲ್ಲ ಬೀಸಿ ಬೀಸಿ ಹುಡುಕುತ್ತಿದೆ, ಕರೆಯದೆ ಬಂದು ಕೂತವನು ಇವನೇ ಅಜ್ಜಿ, ಹೂಂ, ಅವಳಿಗೆ ಅಳು ಬಂತು, ನಗು ಬಂತು, ನನ್ನ ಕೈಯಲ್ಲ, ನನ್ನ ಕೈಯಲ್ಲವೇ ಅಲ್ಲ, ಅಂಗಡಿಗೆ ಓಡಿ ಅಕ್ಕನಿಗೆ ಹೇಳಬೇಕು ಅನ್ನಿಸಿತು, ಅಕ್ಕ ಎಷ್ಟು ಸಂತೋಷಪಡುತ್ತಾಳೆ.

ಹುಳ ಆಕಾಶದಿಂದ ಬೀಳುವುದಿಲ್ಲ. ಮೀನಿನಿಂದ ಮೀನಿಗೆ ಬರಬೇಕು, ಹೊಸ ಮೀನು ತರಬೇಕು, ಹೊಸ ಮೀನು ತಂದು ವರ್ಷವಾಯಿತು, ತಂದರೂ ನೀಲಿ ಟಬ್ಬಿನಲ್ಲಿ ನಲವತ್ತು ದಿನ ಒಂಟಿಯಾಗಿಟ್ಟು ನೋಡದೆ ತೊಟ್ಟಿಗೆ ಬಿಡುವಂತಿಲ್ಲ, ಬಾಣಂತಿ ಕೋಣೆ ಅಂತ ಅದಕ್ಕೆ ಹೆಸರಿಟ್ಟವಳೇ ಅಕ್ಕ, ನಿಯಮ ಮಾಡಿದವಳೂ ಅಕ್ಕ — ಮೇಲಿನ ತೊಟ್ಟಿಯಲ್ಲಿ ಇವುಗಳ ಅಪ್ಪ ಅಮ್ಮ, ರಾಜ ರಾಣಿ, ಕೆಳಗಿನದರಲ್ಲಿ ಮರಿಗಳು, ಎರಡೂ ತೊಟ್ಟಿಯ ನೀರು ಒಂದೇ ಸೋಸುಪೆಟ್ಟಿಗೆಗೆ ಇಳಿದು ಮತ್ತೆ ಎರಡಕ್ಕೂ ಏರುತ್ತದೆ, ದೊಡ್ಡ ಮೀನು ನಾಲ್ಕು ಹುಳ ಹೊತ್ತುಕೊಂಡು ರಾಣಿಯ ಹಾಗೇ ಇರಬಲ್ಲದು, ಸಾಯುವುದು ಮರಿಗಳು, ಹಾಗಾದರೆ ದೊಡ್ಡವನ್ನೂ ನೋಡಿಬಿಡೋಣ ಅಂತ ಬಲೆ ಹಿಡಿದು ಸ್ಟೂಲು ಹತ್ತಿದಳು, ತರಬೇತಿಯಿಂದ ಬಂದ ಮೇಲೆ ಮೊದಲ ಸಲ ಮೇಲಿನ ನೀರಿಗೆ ಅವಳ ಕೈ, ಅವತ್ತು ಹೊಸ ನೀರು ಸುರಿದದ್ದು ಸೋಸುಪೆಟ್ಟಿಗೆಗೆ, ರಾಣಿ ಬೆದರಿ ಮೂಲೆಗೆ ಸರಿದಳು, ಡಿಸ್ಕಸ್ ಬೆದರಿದರೆ ಮೈಮೇಲೆ ಪಟ್ಟೆ ಏಳುತ್ತವೆ, ನೆಮ್ಮದಿಯಲ್ಲಿದ್ದಾಗ ಬರೀ ನವಿಲುನೀಲಿ, ಹೆದರಿದಾಗ ತಲೆಯಿಂದ ಬಾಲದವರೆಗೆ ಒಂಬತ್ತು ಕಪ್ಪು ಪಟ್ಟೆ, ಎದ್ದವು, ಒಂದು, ಎರಡು, ಮೂರು, ನಾಲ್ಕು, ಐದು — ಐದನೆಯದು ಬೆನ್ನಿನಿಂದ ಹೊಟ್ಟೆಯವರೆಗೆ ನೆಟ್ಟಗೆ ಇಳಿದಿದೆ, ಎಲ್ಲೂ ಮುರಿದಿಲ್ಲ. ಮುರಿದಿರಬೇಕು. ರಾಣಿಯ ಐದನೆಯ ಪಟ್ಟೆ ನಡುವಿನಲ್ಲಿ ಮುರಿದಿತ್ತು, ಕಾಡಿಗೆ ಹಚ್ಚುವಾಗ ಯಾರೋ ಕೈ ಅಲುಗಿಸಿದ ಹಾಗೆ, ಮೊದಲ ದಿನ ಬಸ್ಸಿನಲ್ಲಿ ನೀರು ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ತಂದವಳು ತಾನು, ದಾರಿಯುದ್ದಕ್ಕೂ ಬೆದರಿ ಪಟ್ಟೆ ಎಬ್ಬಿಸಿಕೊಂಡಿದ್ದ ಮೀನನ್ನು ಹೆದರ್ಬೇಡ ಪುಟ್ಟಿ ಅಂತ ಸಂತೈಸಿದವಳು ತಾನು, ಮನೆಗೆ ಬಂದು ನೆಮ್ಮದಿಯಾದ ಮೇಲೆ ಅಕ್ಕ ನೋಡಿದ್ದು ಬರೀ ನೀಲಿಯನ್ನು, ಅಕ್ಕನಿಗೆ ಆ ಮುರಿದ ಪಟ್ಟೆಯೇ ಗೊತ್ತಿಲ್ಲ, ಯಾವ ಬಟ್ಟೆಗೆ ಯಾವ ದಾರ ಎಂದು ಕಣ್ಣಳತೆಯಲ್ಲೇ ಹೇಳುವ ಅಕ್ಕ, ನೂರು ನೀಲಿಗಳ ನಡುವಿನಿಂದ ಸರಿಯಾದ ನೀಲಿ ಎತ್ತುವ ಅಕ್ಕ, ಎತ್ತಿದ್ದಾಳೆ, ಮೀನಿನಂಗಡಿಯಿಂದ, ಕೂದಲೆಳೆಯೂ ವ್ಯತ್ಯಾಸವಿಲ್ಲದ ನೀಲಿ, ತಾನು ತರಬೇತಿಗೆ ಹೋಗಿದ್ದ ಹತ್ತು ದಿನದಲ್ಲಿ ಯಾವಾಗಲೋ, ನಲವತ್ತು ದಿನ ಟಬ್ಬಿನಲ್ಲಿಡಲು ಹೇಗಾಗುತ್ತದೆ, ತಂಗಿ ಬರುವಷ್ಟರಲ್ಲಿ ಸಿಂಹಾಸನದ ಮೇಲೆ ರಾಣಿ ಕೂತಿರಬೇಡವೆ. ಅಜ್ಜಿಯ ಕಥೆಯಲ್ಲೂ ಹೀಗೇ, ರಾಣಿಯನ್ನು ಬಾವಿಗೆ ನೂಕಿ ಅವಳ ಸೀರೆ ಉಟ್ಟು ಬೇರೊಬ್ಬಳು ಬಂದು ಕೂರುತ್ತಿದ್ದಳು, ರಾಜನಿಗೆ ಗೊತ್ತೇ ಆಗುತ್ತಿರಲಿಲ್ಲ, ಎಂಥ ಪೆದ್ದ ರಾಜ ಅಂತ ಇಬ್ಬರೂ ನಗುತ್ತಿದ್ದೆವು, ಅಕ್ಕನೇ ಜೋರಾಗಿ ನಗುತ್ತಿದ್ದಳು, ಆಮೇಲೆ ಬಾವಿಕಟ್ಟೆಯಲ್ಲಿ ಹೂವಿನ ಗಿಡ ಹುಟ್ಟುತ್ತಿತ್ತು, ರಾಣಿ ಹೂವಾಗಿ ಮಾತಾಡುತ್ತಿದ್ದಳು — ಬಾಲ್ಕನಿಯಲ್ಲಿ ಗುಲಾಬಿ ಕುಂಡ, ತರಬೇತಿಯಿಂದ ಬಂದಾಗ ಹೊಸ ಮಣ್ಣು ಇತ್ತು, ಇದಕ್ಕೆ ದಿನಾ ನೀರು ಹಾಕು, ಇದಕ್ಕೆ ಬೇಕಾದ್ರೆ ನಿನ್ನ ಕೈ ಆಗತ್ತೆ ಅಂದಿದ್ದಳು ಅಕ್ಕ, ಮೂರು ವಾರದಿಂದ ತಾನು ದಿನಾ ಬೆಳಿಗ್ಗೆ ನೀರು ಹಾಕುತ್ತಿದ್ದೇನೆ, ಬಲೆ ಹಿಡಿದೇ ಸ್ಟೂಲಿನಿಂದ ಇಳಿದಳು.

ಮೀನು ಸತ್ತಿದ್ದಕ್ಕಲ್ಲ, ಮೀನು ಸಾಯುತ್ತವೆ, ಸತ್ತಿತು ಅಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳು, ಆದರೆ ಕೈಗುಣ, ಆ ಮಾತನ್ನು ಅಕ್ಕ ಸುಮ್ಮನೆ ಆಡಿದ್ದಲ್ಲ, ಮುಚ್ಚಳದ ಹಾಗೆ ತೊಟ್ಟಿಯ ಮೇಲಿಟ್ಟಿದ್ದು, ಈ ಕೈ ನೀರಿಗಿಳಿದರೆ ರಾಣಿ ಬೆದರುತ್ತಾಳೆ, ಪಟ್ಟೆ ಏಳುತ್ತದೆ, ಅಕ್ಕನಿಗೆ ಪಟ್ಟೆಯ ವಿಷಯ ಗೊತ್ತಿಲ್ಲದಿದ್ದರೂ ಹತ್ತಿರದಿಂದ ನೋಡಿದರೆ ತಂಗಿಗೆ ಗೊತ್ತಾಗುತ್ತದೆ ಎನ್ನುವುದು ಗೊತ್ತು, ಅಕ್ಕ ಎಡಗಡೆ ಕದ ಮುಚ್ಚಿಕೊಂಡು ಬಲಗಡೆಯದರಲ್ಲಿ ನನ್ನ ಜೊತೆ ಉಂಡಳು, ನಕ್ಕಳು, ತಲೆ ಬಾಚಿದಳು — ತಂಗಿ ಸೋಸುಪೆಟ್ಟಿಗೆಯಿಂದ ಇದ್ದಿಲಿನ ಚೀಲ ಎತ್ತಿಡುತ್ತಾಳೆ, ಬಿಟ್ಟರೆ ಔಷಧವನ್ನೆಲ್ಲ ಅದೇ ಕುಡಿದುಬಿಡುತ್ತದೆ, ಹುಳ ಕೊಲ್ಲುವ ಪುಡಿಯನ್ನು ತೂಗಿ ಲೋಟದ ಬೆಚ್ಚನೆ ನೀರಿಗೆ ಹಾಕಿ ಕದಡುತ್ತಾಳೆ, ಹುಳದ ಮೊಟ್ಟೆಗಳಿಗೆ ಔಷಧ ತಾಗುವುದಿಲ್ಲ, ಅವು ಒಡೆದ ಮೇಲೆ ಇನ್ನೊಂದು ಸಲ ಹಾಕಬೇಕು, ಚಮಚ ಲೋಟಕ್ಕೆ ತಾಗಿ ಟಿಣ್ ಟಿಣ್, ಬೀಗದ ಸದ್ದು, ಅಕ್ಕ ಬಂದಳು, ಏನೇ, ಸಿಕ್ಕಿದ್ನಾ ನಿನ್ನ ಕಳ್ಳ, ಸಿಕ್ಕಿದ ಅಕ್ಕ, ಹುಳ, ಕಿವಿರಲ್ಲಿ, ಹೌದಾ, ಎಲ್ಲಿಂದ ಬಂತಂತೆ, ಕೇಳುತ್ತ ಅಕ್ಕ ಬ್ಯಾಗು ಕೆಳಗಿಡಲಿಲ್ಲ, ತಂಗಿ ಲೋಟವನ್ನು ಎಡಗೈಗೆ ಬದಲಾಯಿಸಿ ಮೇಲಿನ ಗಾಜಿಗೆ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದಳು, ನೀಲಿಯ ಮೇಲೆ ಕಪ್ಪು ಎದ್ದಿತು, ರಾಣಿ ಎಲ್ಲಿ ಅಕ್ಕ, ಇದಾಳಲ್ಲೇ, ಐದನೇ ಪಟ್ಟೆ ನೋಡು, ನಮ್ಮ ರಾಣಿಗೆ ಅದು ಮುರಿದಿತ್ತು, ಅಕ್ಕ ಗಾಜಿನ ಹತ್ತಿರ ಬಂದು ನೋಡಿದಳು, ಹೊಲಿಗೆ ತಪ್ಪಿದ ಬಟ್ಟೆಯನ್ನು ಗಿರಾಕಿ ಎದುರಿಗೆ ಹಿಡಿದಾಗ ನೋಡುವ ಹಾಗೆ, ಮೊದಲು ದಾರವನ್ನು, ಆಮೇಲೆ ನೆಲವನ್ನು, ಮುಚ್ಚಳ ಹಾಕೋದು ಮರೆತೆ ಕಣೇ, ಬೆಳಿಗ್ಗೆ ನೋಡಿದ್ರೆ ಹಾರಿ ಕೆಳಗೆ ಬಿದ್ದಿತ್ತು, ಒಣಗಿಹೋಗಿತ್ತು, ನೀನು ಅಳ್ತೀಯ ಅಂತ, ಅಜ್ಜಿ ಹೋದಾಗ ನೀನು ಹೇಗಿದ್ದೆ ಅಂತ ನಂಗೊತ್ತಲ್ಲ, ಕುಂಡದಲ್ಲಾ ಅಕ್ಕ, ಹೂಂ, ಕುಂಡದಲ್ಲಿ, ಮತ್ತೆ ನನ್ನ ಕೈಗುಣ, ಅಕ್ಕ ಅಂಗಡಿಯಿಂದ ಅಂಟಿಕೊಂಡು ಬಂದ ದಾರದ ತುಣುಕೊಂದನ್ನು ಸೆರಗಿನಿಂದ ಕಿತ್ತಳು, ಮತ್ತೊಂದನ್ನು ಕಿತ್ತಳು, ಮೇಲಿನ ತೊಟ್ಟಿಯಲ್ಲಿ ಅವಳಿದ್ದಾಳೆ, ಬೇರೊಬ್ಬಳ ಸೀರೆ ಉಟ್ಟವಳು, ಅವಳ ತಪ್ಪೇನು, ಅವಳ ಕೆನ್ನೆಯೊಳಗೂ ಹುಳವಿದೆ, ನೀರು ಒಂದೇ, ಒಂದು ತೊಟ್ಟಿಗೆ ಹಾಕಿ ಇನ್ನೊಂದಕ್ಕೆ ಬಿಡಲು ಬರುವುದಿಲ್ಲ, ಕೊಟ್ಟ ಮಾತು ಕೊಟ್ಟದ್ದೇ, ಸೋಸುಪೆಟ್ಟಿಗೆಯ ಮೇಲೆ ಲೋಟ ಬಗ್ಗಿಸಿದಳು, ತನ್ನ ಕೈಯಿಂದಲೇ, ನಿಧಾನವಾಗಿ, ತಳದಲ್ಲಿ ಉಳಿದದ್ದಕ್ಕೆ ಇನ್ನಷ್ಟು ನೀರು ಬೆರೆಸಿ ಅದನ್ನೂ ಸುರಿದಳು, ಬಿಳಿಯ ಮಬ್ಬು ಕೊಳವೆಯಲ್ಲಿ ಏರಿ ಕೆಳಗಿನ ತೊಟ್ಟಿಗೆ ಬಂತು, ಮೇಲಿನದಕ್ಕೂ ಬಂತು, ಅಕ್ಕ ಪಕ್ಕದಲ್ಲೇ ನಿಂತಿದ್ದಾಳೆ, ಏನೋ ಹೇಳುತ್ತಿದ್ದಾಳೆ, ಮಾತಾಡೇ, ಏನಾದ್ರೂ ಅನ್ನೇ, ಮಬ್ಬಿನೊಳಗೆ ನೀಲಿ ಇಲ್ಲ, ಕಪ್ಪು ಮಾತ್ರ, ಮೂರು, ನಾಲ್ಕು, ಐದು, ಬೆನ್ನಿನಿಂದ ಹೊಟ್ಟೆಯವರೆಗೆ, ಎಲ್ಲೂ ಮುರಿಯದೆ, ಐದು —