ರೊಟ್ಟಿ ರಸ್ತೆಯದು, ವೈರು ಮನೆಯದು

ಹೆಸರು ಕೇಳಿದಾಗ ಆಕೆ ಸರಿಯಾಗಿಯೇ ಹೇಳಿದ್ದಳು. ಧಮ್ಮಶೀಲಾ. ಅದನ್ನು ತಿದ್ದಿದವರು ಮನೆಯೊಡತಿ ಸುಗಲಾಬಾಯಿ.

"ಧರ್ಮಶೀಲಾ ಅನ್ನವ್ವ. ಪಟ್ನದಾಗ ಇಂಗ್ಲೀಷ್ ಓದಿದ ಹುಡುಗ್ಯಾರಿಗೆ ಅರ್ಕಾವತ್ತು ತಿರುಗಂಗೇ ಇಲ್ಲ ನೋಡು," ಎಂದು ನಗುತ್ತ ಕೀಲಿಕೈ ಕೊಟ್ಟರು.

ಜಹೀರಾಬಾದಿನಲ್ಲಿ ಅದಕ್ಕೂ ಮೊದಲು ನೋಡಿದ ಮನೆಗಳಲ್ಲೆಲ್ಲ ಬಾಡಿಗೆಯ ಮಾತಿಗಿಂತ ಮುಂಚೆ 'ಯಾವ ಪೈಕಿ' ಎಂಬ ಮಾತು ಬಂದಿತ್ತು. ಉತ್ತರ ಕೇಳಿದ ಮೇಲೆ ಕೋಣೆ ನಿನ್ನೆಯೇ ಯಾರಿಗೋ ಕೊಟ್ಟಾಗಿರುತ್ತಿತ್ತು. ಈ ಮನೆಯಲ್ಲಿ ಯಾರೂ ಕೇಳಲಿಲ್ಲ. ಬಾಗಿಲ ಮೇಲೆ ಬಸವಣ್ಣನ ಪಟ, ಮನೆಯೊಡತಿಯ ಹಣೆಯ ಮೇಲೆ ವಿಭೂತಿ. ಹೆಸರಲ್ಲೇ ಧರ್ಮ ಇಟ್ಟುಕೊಂಡ ಹುಡುಗಿ ತಮ್ಮ ಪೈಕಿಯವಳೇ ಎಂದು ಸುಗಲಾಬಾಯಿಯವರು ತಾವೇ ಲೆಕ್ಕ ಹಾಕಿಕೊಂಡರು. ಅದು ಬುದ್ಧನ ಧಮ್ಮ, ಅಪ್ಪ ದೀಕ್ಷೆ ತಗೊಂಡ ವರ್ಷ ಹುಟ್ಟಿದ್ದಕ್ಕೆ ಇಟ್ಟ ಹೆಸರು ಎಂದು ಧಮ್ಮಶೀಲಾ ಹೇಳಬಹುದಿತ್ತು. ಹೇಳಿದ್ದರೆ ಆ ರಾತ್ರಿಯೂ ಬಸ್‌ಸ್ಟ್ಯಾಂಡಿನ ಹಿಂದಿನ ಲಾಡ್ಜಿನಲ್ಲೇ ಮಲಗಬೇಕಾಗಿತ್ತು.

ಆಕೆ ಪಟ್ನದಲ್ಲಿ, ಅಂದರೆ ಹೈದರಾಬಾದಿನಲ್ಲಿ, ಕಂಪನಿಯೊಂದರ ಕೆಲಸಕ್ಕಿದ್ದಳು. ಅಮೆರಿಕದ ಡಾಕ್ಟರರು ತಮ್ಮ ರೋಗಿಗಳ ವಿಷಯ ಫೋನಿಗೆ ಹೇಳಿಡುತ್ತಿದ್ದರು. ಅದನ್ನು ಕಿವಿಗೆ ಹಾಕಿಕೊಂಡು ಕೇಳಬೇಕು, ಟೈಪು ಮಾಡಿ ಅದೇ ಸಂಜೆಯೊಳಗೆ ಕಳಿಸಬೇಕು. ತೆಲಂಗಾಣ ರಾಜ್ಯ ಬೇಕೆಂಬ ಚಳುವಳಿಯಿಂದ ಪಟ್ನದಲ್ಲಿ ದಿನಾ ಬಂದ್, ದಿನಾ ಲಾಠಿ. ಆಫೀಸಿನ ವ್ಯಾನು ಓಡುವುದೇ ಕಷ್ಟವಾದಾಗ ಕಂಪನಿ ಒಂದಿಷ್ಟು ಜನರಿಗೆ ಊರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡಿ ಎಂದಿತು. ಆಕೆಯ ಊರು ನ್ಯಾಲ್ಕಲ್ ಕಡೆಯ ಹಳ್ಳಿ. ಅಲ್ಲಿ ಇಂಟರ್ನೆಟ್ ಸಿಗುತ್ತಿರಲಿಲ್ಲ. ಅವ್ವ ಲಚ್ಚಮ್ಮನಿಗೆ ಜೀಪಿನ ದಾರಿಯಷ್ಟು ಹತ್ತಿರ ಎಂದು ಜಹೀರಾಬಾದಿಗೆ ಬಂದಳು. ಕಂಪನಿ ಕೊಟ್ಟ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಕರೆಂಟು ಹೋದ ಗಳಿಗೆಗೆ ಅದರ ಜೀವವೂ ಹೋಗುತ್ತಿತ್ತು.

ಕೇಳುವ ಮಾತನ್ನು ನಿಲ್ಲಿಸಲು, ಹಿಂದಕ್ಕೆ ಸರಿಸಲು ಕಾಲಡಿ ಒಂದು ಪೆಡಲು ಇರುತ್ತಿತ್ತು. ಅದನ್ನು ನೋಡಿ ಹುಡುಗಿ ಹೊಲಿಗೆಯವಳು ಎಂದುಕೊಂಡ ಸುಗಲಾಬಾಯಿ ಮರುದಿನವೇ ಒಂದು ಜಂಪರಿನ ಬಟ್ಟೆ ತಂದರು. ನಿಜವಾದ ಕೆಲಸ ಏನೆಂದು ತಿಳಿದ ಮೇಲೆ ಅವರಿಗೆ ಇನ್ನೂ ಸೋಜಿಗ.

"ಅಂದ್ರ ಮಂದಿ ಬ್ಯಾನಿ ಕೇಳಾದೇ ನಿನ್ನ ನೌಕ್ರಿ? ಹಂಗಾದ್ರ ನನ್ನ ಮೊಣಕಾಲಿಂದೂ ಬರ್ಕೊ. ಅಮೆರಿಕಾಕ್ಕ ಕಳಿಸು."

ದಿನಾ ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ಮೊಣಕಾಲಿನ ಕಥೆ ಹೇಳುತ್ತಿದ್ದರು. ಪುಂಡಿಪಲ್ಯ ಮಾಡಿದ ದಿನ ಒಂದು ಬಟ್ಟಲು ಈ ಕೋಣೆಗೂ ಬರುತ್ತಿತ್ತು. ಆ ಪ್ರೀತಿ ಸುಳ್ಳಾಗಿರಲಿಲ್ಲ. ಯಾರ ಮೇಲಿನ ಪ್ರೀತಿ ಎಂದು ಮಾತ್ರ ಧಮ್ಮಶೀಲಾ ಬಟ್ಟಲು ತೊಳೆದು ಕೊಡುವಾಗಲೆಲ್ಲ ಕೇಳಿಕೊಳ್ಳುತ್ತಿದ್ದಳು.

ಆಮೇಲೆ ದೊಡ್ಡ ಮುಷ್ಕರ ಬಂತು. ಬಸ್ಸು ನಿಂತವು, ಶಾಲೆ ಮುಚ್ಚಿದವು, ಮಾಸ್ತರರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ಟೆಂಟಿನಲ್ಲಿ ಕೂತರು. ಕಲ್ಲಿದ್ದಲ ಗಣಿಯವರೂ ಕೆಲಸ ಬಿಟ್ಟಿದ್ದರಿಂದ ಕರೆಂಟು ಹೊತ್ತಿಲ್ಲದ ಹೊತ್ತಿಗೆ ಹೋಗತೊಡಗಿತು. ಧಮ್ಮಶೀಲಾಳಿಗೂ ತೆಲಂಗಾಣ ಬೇಕಾಗಿತ್ತು. ಪಟ್ನದ ಹಾಸ್ಟೆಲಿನಲ್ಲಿದ್ದಾಗ ಮೆರವಣಿಗೆಗೆ ಹೋಗಿ ಪೊಲೀಸರ ಅಶ್ರುವಾಯುವಿಗೆ ಕಣ್ಣು ಸುಟ್ಟುಕೊಂಡು ಬಂದವಳು. ಆದರೆ ಗುಮಾಸ್ತನ ನೌಕರಿ ಮುಷ್ಕರ ಮುಗಿಯುವವರೆಗೆ ಕಾಯುತ್ತದೆ, ಆಕೆಯದು ಸಂಜೆಯವರೆಗೂ ಕಾಯುವುದಿಲ್ಲ. ಕಂಪನಿಯಲ್ಲಿ ಆಕೆಯ ಮೇಲಿನವನು ಫೋನು ಮಾಡಿ, ಕೆಲಸ ತಡವಾಗುತ್ತ ಹೋದರೆ ಕಂಪ್ಯೂಟರಿನಲ್ಲಿ ಕಂಪನಿಯ ಬಾಗಿಲು ತೆರೆಯುವ ಐಡಿ ಬಂದ್ ಆಗುತ್ತದೆ, ಬಯ್ಗುಳವೂ ಇಲ್ಲ, ನೋಟೀಸೂ ಇಲ್ಲ ಎಂದಿದ್ದ.

ಆಗಲೂ ಕೈ ಹಿಡಿದವರು ಸುಗಲಾಬಾಯಿಯೇ. ತಮ್ಮ ಮನೆಯ ಇನ್ವರ್ಟರಿನಿಂದ ಕಿಟಕಿಯ ಸಂದಿಯೊಳಗೆ ಒಂದು ವೈರು ಎಳೆಸಿಕೊಟ್ಟರು. ಊರೆಲ್ಲ ಕತ್ತಲಾದಾಗಲೂ ಆಕೆಯ ಕಾಲಡಿ ಪೆಡಲು ಓಡುತ್ತಿತ್ತು.

ಸುಗಲಾಬಾಯಿಯ ಮಗ ಪ್ರವೀಣಕುಮಾರ ಊರಿನ ಹೋರಾಟ ಸಮಿತಿಯ ಮುಂದಾಳು. ಒಂದು ಭಾನುವಾರ ಹೈವೇ ಮೇಲೆ ವಂಟಾ-ವಾರ್ಪು ಇಟ್ಟುಕೊಂಡರು. ರಸ್ತೆ ತಡೆದು, ರಸ್ತೆಯ ಮೇಲೇ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ ಎಲ್ಲರೂ ಒಟ್ಟಿಗೆ ಉಣ್ಣುವ ಪ್ರತಿಭಟನೆ. ಇಲ್ಲಿ ಜಾತಿಯಿಲ್ಲ, ಮತವಿಲ್ಲ, ಒಂದೇ ಗಡಿಗೆ, ಒಂದೇ ಅನ್ನ ಎಂದು ಪ್ರವೀಣಕುಮಾರ ಮೈಕಿನಲ್ಲಿ ಕೂಗುತ್ತಿದ್ದ. ಸುಗಲಾಬಾಯಿ ಧಮ್ಮಶೀಲಾಳನ್ನು ಕರೆದುಕೊಂಡು ಹೋಗಿ ತಮ್ಮ ಮಗ್ಗುಲಿಗೆ ಕೂರಿಸಿಕೊಂಡರು. ಆಕೆ ಜೋಳದ ರೊಟ್ಟಿ ಬಡಿದಳು. ನಿಂತ ಲಾರಿಗಳ ಸಾಲು ಕಣ್ಣು ಹೋದಷ್ಟು ದೂರ ಇತ್ತು. ಎಷ್ಟೋ ದಿನಗಳ ಮೇಲೆ ಆಕೆಯ ಎದೆ ಹಗುರಾಗಿತ್ತು. ಪಟ್ನದ ಹುಡುಗಿಯ ಕೈ ನೋಡ್ರಿ, ಹ್ಯಾಂಗ ತಿರುಗ್ತದ ಎಂದು ಸುಗಲಾಬಾಯಿ ಸುತ್ತಲಿನವರಿಗೆಲ್ಲ ತೋರಿಸಿ ಮೊದಲ ರೊಟ್ಟಿ ತಾವೇ ಮುರಿದುಕೊಂಡರು.

ಅಷ್ಟರಲ್ಲಿ ನ್ಯಾಲ್ಕಲ್ ಕಡೆಯ ಜೀಪುಗಳು ಬಂದವು. ಹಲಗೆ ಬಾರಿಸುವವರ ಹಿಂದೆ ಹೆಂಗಸರು ಇಳಿದರು. ಅವರ ನಡುವೆ ಲಚ್ಚಮ್ಮ. ಮಗಳನ್ನು ಕಂಡವಳೇ ದೂರದಿಂದಲೇ ಕೈಯೆತ್ತಿದಳು.

"ಏ ಧಮ್ಮಾ! ಜೈಭೀಮ್ ಯವ್ವಾ!"

ಧಮ್ಮಶೀಲಾ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತ ಕೂರಬಹುದಿತ್ತು. ಹಿಟ್ಟಿನ ಕೈಯಲ್ಲೇ ಎದ್ದು ನಿಂತು ಜೈಭೀಮ್ ಎಂದಳು. ಅವ್ವನ ಕೈ ಹಿಡಿದು ತಂದು ಒಲೆಯ ಹತ್ತಿರ ಕೂರಿಸಿದಳು.

ಸುಗಲಾಬಾಯಿಯ ಬಾಯೊಳಗೆ ತುತ್ತು ಇತ್ತು. ಪೇಪರಿನವರು ಫೋಟೋ ಹೊಡೆಯುತ್ತಿದ್ದರು. ಸುಗಲಾಬಾಯಿ ತುತ್ತು ನುಂಗಿದರು. ಲಚ್ಚಮ್ಮನ ತಟ್ಟೆಗೂ ಒಂದು ರೊಟ್ಟಿ ಹಾಕಿದರು, ತುಸು ಮೇಲಿನಿಂದ.

ಮರುದಿನ ಬೆಳಿಗ್ಗೆ ಕರೆಂಟು ಹೋಯಿತು, ಲ್ಯಾಪ್‌ಟಾಪೂ ಕಪ್ಪಾಯಿತು. ಕಿಟಕಿಯಲ್ಲಿ ವೈರು ಇರಲಿಲ್ಲ. ಸುತ್ತಿ ಸಿಂಬಿ ಮಾಡಿ ಹೊರಗಿನ ಕಟ್ಟೆಯ ಮೇಲೆ ಇಟ್ಟಿದ್ದರು.

ಸುಗಲಾಬಾಯಿ ಮೊದಲು ಇನ್ವರ್ಟರಿನ ಬ್ಯಾಟರಿ ತಡೆಯುತ್ತಿಲ್ಲ ಅಂದರು. ಆಮೇಲೆ ಇನ್ವರ್ಟರು ದೇವರ ಜಗಲಿಯ ಬಾಜೂಕ್ಕೇ ಇದೆ, ವೈರು ಅಲ್ಲಿಂದಲೇ ಬರಬೇಕು ಅಂದರು.

"ವೈರಿನ್ಯಾಗ ಮೈಲಿಗಿ ಹರಿತದೇನ್ರಿ ಅಮ್ಮಾ?"

"ನೀ ಸುಳ್ಳು ಹೇಳಿದಿ."

"ನಾ ನನ್ನ ಹೆಸರು ಹೇಳೀನ್ರಿ. ಅರ್ಕಾವತ್ತು ಹಚ್ಚಿದವ್ರು ನೀವು."

ಸುಗಲಾಬಾಯಿ ಸೆರಗು ತಿರುವುತ್ತ ನಿಂತರು. ಕೋಣೆ ಬಿಡು ಎನ್ನಲಿಲ್ಲ. ಬಿಡು ಎಂದು ನಾನು ಹೇಳಿಲ್ಲ ನೋಡು ಎಂದು ಮತ್ತೆ ಮತ್ತೆ ಹೇಳಿದರು.

"ನಿನ್ನಿ ನನ್ನ ಕೈಯ ರೊಟ್ಟಿ ತಿಂದ್ರಲ್ರಿ."

"ಅದು ರಸ್ತಾ ಮ್ಯಾಲಿಂದವ್ವ. ರಸ್ತಾ ಸರ್ಕಾರದ್ದು. ಇದು ಮನಿ."

ಪ್ರವೀಣಕುಮಾರ ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. ಆಕೆ ಹೋಗಿ ನಿಂತಾಗ ದನಿ ತಗ್ಗಿಸಿದ.

"ಈಗ ಈ ಮಾತು ಎತ್ತಬ್ಯಾಡಕ್ಕಾ, ಚಳುವಳಿ ಒಡೀತದ. ಒಮ್ಮೆ ರಾಜ್ಯ ಬರ್ಲಿ. ಉಳದಿದ್ದು ಆಮ್ಯಾಲ ನೋಡಮಿ."

ಎಲ್ಲರೂ ಆಮೇಲೆ ನೋಡುತ್ತಾರೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ನೋಡುತ್ತೇವೆ ಎಂದರು, ನಿಜಾಮ ಹೋದ ಮೇಲೆ ನೋಡುತ್ತೇವೆ ಎಂದರು. ಲಚ್ಚಮ್ಮನ ಅವ್ವ ಆ ಆಮೇಲೆಗಾಗಿ ಕಾದೇ ಸತ್ತಳು.

ಆ ದಿನದ ಕೆಲಸ ಕಂಪನಿಗೆ ಹೋಗಲಿಲ್ಲ. ಮರುದಿನದ್ದು ಅರ್ಧ ಹೋಯಿತು. ನೆಟ್ ಅಂಗಡಿಗಳಿಗೆ ಮುಷ್ಕರದ ಬೀಗ. ಮೂರನೆಯ ಬೆಳಿಗ್ಗೆ ಮೇಲಿನವನು ಫೋನು ಮಾಡಿ, ಇವತ್ತು ಸಂಜೆಯೊಳಗೆ ಬರದಿದ್ದರೆ ತನ್ನ ಕೈಯಲ್ಲೂ ಏನೂ ಇಲ್ಲ ಎಂದ.

ಊರಿನಲ್ಲಿ ಕರೆಂಟಿದ್ದ ಜಾಗ ಒಂದೇ ಆಕೆಗೆ ಗೊತ್ತಿದ್ದದ್ದು. ತಹಸೀಲ ಕಚೇರಿಯ ಮುಂದಿನ ಉಪವಾಸದ ಟೆಂಟು. ಅಲ್ಲಿ ಮೈಕಿಗಾಗಿ ಜನರೇಟರು ಓಡುತ್ತಿತ್ತು. ಆಕೆ ಲ್ಯಾಪ್‌ಟಾಪು, ಪೆಡಲು, ಇಂಟರ್ನೆಟ್ಟಿನ ಕಡ್ಡಿ ಚೀಲದಲ್ಲಿ ಹಾಕಿಕೊಂಡು ಹೋದಳು. ಅಂದು ಉಪವಾಸ ಕೂರುವ ಸರದಿ ನ್ಯಾಲ್ಕಲ್ ಕಡೆಯ ಹೆಂಗಸರದ್ದು. ಲಚ್ಚಮ್ಮ ಟೆಂಟಿನ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಧಮ್ಮಶೀಲಾ ನೇರ ಮೈಕಿನ ಬೋರ್ಡಿನ ಹತ್ತಿರ ಹೋಗಿ ನಿಂತು, ಸಂಜೆಯವರೆಗೆ ಒಂದು ಪ್ಲಗ್ಗು ಬೇಕೆಂದು ಪ್ರವೀಣಕುಮಾರನನ್ನು ಕೇಳಿದಳು. ನಾಲ್ಕು ಜನರಿಗೆ ಕೇಳುವಂತೆ ಕೇಳಿದಳು.

ಅವನು ಅವಳ ಚೀಲ ನೋಡಿದ, ಕೂತ ಮಂದಿಯನ್ನು ನೋಡಿದ. ಮುಷ್ಕರದ ಟೆಂಟಿನಲ್ಲಿ ಕಂಪನಿಯ ಕೆಲಸ ಹೇಗೆ ನಡೆಸುವುದು ಎಂದು ಮೆಲ್ಲಗೆ ಗೊಣಗಿದ. ಆಮೇಲೆ ಅವನ ಮುಖ ಬೆಳಗಿತು. ಮೈಕು ಎತ್ತಿಕೊಂಡ.

"ಅಣ್ಣಂದಿರೇ, ಅಕ್ಕಂದಿರೇ! ನಮ್ಮ ದಲಿತ ಅಕ್ಕ ಒಬ್ರು ಅಮೆರಿಕಾದ ಕಂಪನಿ ನೌಕ್ರಿಗೆ ಲಾತ ಹೊಡ್ದು ಇವತ್ತು ಮುಷ್ಕರಕ್ಕ ಬಂದಾರ!"

ಮನೆಯಲ್ಲಿ ಎತ್ತಬಾರದ ಮಾತು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಚಪ್ಪಾಳೆ ಬಿತ್ತು. ಯಾರೋ ಆಕೆಯ ಕೊರಳಿಗೆ ಶಾಲು ಹಾಕಿದರು. ಹಿಂದಿನ ಸಾಲಿನಲ್ಲಿ, ಬೆಳಗಿನಿಂದ ನೀರಷ್ಟೇ ಕುಡಿದಿದ್ದ ಲಚ್ಚಮ್ಮ ನನ್ನ ಮಗಳು, ನನ್ನ ಮಗಳು ಎಂದು ಅಕ್ಕಪಕ್ಕದವರ ಮೈ ಮುಟ್ಟಿ ಹೇಳುತ್ತಿದ್ದಳು. ಮಾತಾಡಕ್ಕಾ ಎಂದು ಮೈಕು ಕೈಗೆ ಬಂತು.

"ನೌಕ್ರಿ ನಾ ಬಿಟ್ಟಿಲ್ಲ," ಎಂದಳು ಧಮ್ಮಶೀಲಾ. "ನನ್ನ ರೊಟ್ಟಿ ತಿಂದವ್ರ ಮನ್ಯಾಗ ನನಗ ಕರೆಂಟ್..."

ಅಷ್ಟಕ್ಕೆ ದನಿ ಸತ್ತಿತು. ಯಾರೋ ಮೈಕಿನ ಪ್ಲಗ್ಗು ಕಿತ್ತಿದ್ದರು. ಜನರೇಟರಿನ ಸದ್ದಿನಲ್ಲಿ ಉಳಿದ ಮಾತು ಮುಂದಿನ ಎರಡು ಸಾಲಿಗಷ್ಟೇ ಕೇಳಿಸಿತು. ಅವರು ನೆಲ ನೋಡಿದರು. ಹಿಂದಿನವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಬೋರ್ಡಿನಲ್ಲಿ ಈಗ ಜಾಗ ಖಾಲಿಯಾಗಿತ್ತು. ಆಕೆ ನೆಲಕ್ಕೆ ಕೂತು ತನ್ನ ವೈರು ಚುಚ್ಚಿದಳು. ಇಷ್ಟು ಮಂದಿಯ ಎದುರು ಯಾರಿಗೂ ತಡೆಯುವ ಧೈರ್ಯವಾಗಲಿಲ್ಲ. ಪರದೆ ಬೆಳಗಿತು. ಪೆಡಲಿನ ಮೇಲೆ ಕಾಲಿಟ್ಟು, ಐಡಿ ಒತ್ತಿ ಕಂಪನಿಯ ಬಾಗಿಲು ತಟ್ಟಿದಳು. ಒಳಗೆ ಬಿಡಲಿಲ್ಲ. ಮತ್ತೊಮ್ಮೆ ತಟ್ಟಿದಳು. ಸಂಜೆಗೆ ಇನ್ನೂ ಹೊತ್ತಿತ್ತು, ಆದರೆ ಕಂಪನಿ ಸಂಜೆಯವರೆಗೂ ಕಾದಿರಲಿಲ್ಲ.

ಮಂದಿ ಮತ್ತೆ ಘೋಷಣೆಗೆ ತಿರುಗಿದ ಮೇಲೆ ಲಚ್ಚಮ್ಮ ಸಾಲು ದಾಟಿಕೊಂಡು ಬಂದು ಮಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಶಾಲಿನ ಅಂಚು ಮುಟ್ಟಿ ನೋಡಿದಳು.

"ಮುಗೀತೇನ ಯವ್ವಾ ನಿನ್ನ ಕೆಲಸ?"

"ಮುಗೀತವ್ವ," ಎಂದಳು ಮಗಳು.