ಈಶಾನ್ಯ ಮೂಲೆಯ ಗಾಜಿನ ತೊಟ್ಟಿ

ನಾನೊಂದು ಮೀನಿನ ತೊಟ್ಟಿ. ಹೆದರುಪುಕ್ಕಲು ತೊಟ್ಟಿ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಬೇಸರವಾಗಬಾರದು. ನೋಡಲು ಮಾತ್ರ ನಾನು ಭಾರೀ ಆಸಾಮಿ. ಎರಡು ಮಂಚ ಜೋಡಿಸಿದಷ್ಟು ಉದ್ದ, ನಿಂತ ಆಳಿನ ಎದೆಮಟ್ಟ. ಆದರೆ ಗಾತ್ರಕ್ಕೂ ಧೈರ್ಯಕ್ಕೂ ಏನೇನೂ ಸಂಬಂಧವಿಲ್ಲ ಎಂಬುದು ನನ್ನ ಸ್ವಂತ ಅನುಭವ.

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಗಂಗಾಧರ ಕುಬಸದ ಅವರು ಹೊಸ ಮನೆ ಕಟ್ಟಿಸಿದಾಗ ನನ್ನ ಜನ್ಮವಾಯಿತು. ಬಾಗಿಲಲ್ಲಿ ಹಿಡಿಸುವುದಿಲ್ಲವೆಂದು ನನ್ನನ್ನು ಮನೆಯ ಪಡಸಾಲೆಯಲ್ಲೇ ಹುಟ್ಟಿಸಿದರು. ಗಾಜಿನ ಕೆಲಸದ ಮಸ್ತಾನ್‌ಸಾಬರು ಐದು ದಪ್ಪ ಗಾಜುಗಳನ್ನು ಸಿಲಿಕಾನ್ ಅಂಟು ಹಾಕಿ ಕೂಡಿಸಿದರು. ಅಂಟು ಚೆನ್ನಾಗಿ ಒಣಗಲಿ ಎಂದರು. ಆದರೆ ಗೃಹಪ್ರವೇಶದ ಮುಹೂರ್ತ ನಾಳೆಯೇ ಇತ್ತು.

"ಮಂದಿ ಬಂದು ಖಾಲಿ ಡಬ್ಬಿ ನೋಡಬೇಕೇನ್ರೀ?" ಎಂದರು ಗಂಗಾಧರಪ್ಪ.

"ಹಂಗಾರ ತುಂಬಸ್ರಿ, ನಡೀತದ," ಎಂದು ಮಸ್ತಾನ್‌ಸಾಬರೂ ಕೈ ತೊಳೆದುಕೊಂಡರು.

ಇನ್ನೊಂದು ಎಡವಟ್ಟು ಅದಕ್ಕೂ ಮೊದಲೇ ಆಗಿತ್ತು. ವಾಸ್ತು ಹೇಳುವವರು ಎರಡು ಮಾತು ಹೇಳಿದ್ದರು. ನೀರು ಈಶಾನ್ಯ ಮೂಲೆಯಲ್ಲಿರಬೇಕು. ನೆಲವೂ ಈಶಾನ್ಯಕ್ಕೇ ಇಳಿಜಾರಾಗಿರಬೇಕು. ಗಂಗಾಧರಪ್ಪ ಎರಡನ್ನೂ ಚಾಚೂ ತಪ್ಪದೆ ಮಾಡಿಸಿದ್ದರು. ಆ ಇಳಿಜಾರಿನ ಮೇಲೆ ನಿಲ್ಲಬೇಕಾದವನು ನಾನು ಎಂಬುದು ಯಾರಿಗೂ ಹೊಳೆಯಲಿಲ್ಲ. ನನ್ನ ಗಿಡ್ಡ ಕಬ್ಬಿಣದ ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ರಟ್ಟು ಮಡಚಿ ತುರುಕಿದರು, ಅಷ್ಟೇ. ನೀರು ತುಂಬುತ್ತಿದ್ದಂತೆ ಅದರ ಭಾರವೆಲ್ಲ ವಾಲಿಕೊಂಡು ನನ್ನ ಆ ಒಂದು ಮೂಲೆಯ ಮೇಲೆ ಕೂತಿತು. ಅಂದು ಶುರುವಾದ ಭಯ ಇಂದಿಗೂ ಪೂರ್ತಿ ಹೋಗಿಲ್ಲ.

ಆಮೇಲೆ ಮೀನುಗಳು ಬಂದವು. ಬೆಳ್ಳಿಯ ತಗಡಿನಂಥ ಅರೋವಾನಾ, ಸದಾ ಜಗಳವಾಡುವ ಆಸ್ಕರ್ ಜೋಡಿ, ದಪ್ಪ ತುಟಿಯ ಗೌರಾಮಿ, ದಿನವಿಡೀ ನನ್ನನ್ನು ನೆಕ್ಕುತ್ತ ಅಂಟಿಕೊಂಡಿರುವ ಪಾಚಿ ಮೀನು. ಕೊನೆಗೆ ಕೆಂಪು ಬಾಲದ ಕ್ಯಾಟ್‌ಫಿಶ್. ಬಂದಾಗ ಬೆರಳುದ್ದವಿತ್ತು. ಗಂಗಾಧರಪ್ಪನವರು ಪ್ರೀತಿಯಿಂದ ಸಿಗಡಿ ತಿನ್ನಿಸಿ ತಿನ್ನಿಸಿ ಅದು ನನ್ನ ಕಣ್ಣೆದುರೇ ತೋಳುದ್ದವಾಯಿತು. ಸಿಗಡಿಗೆಂದೇ ವರಾಂಡದಲ್ಲಿ ಬೇರೆ ಫ್ರಿಜ್ ಇತ್ತು. ಗಂಗಾಧರಪ್ಪನವರ ತಾಯಿ ನೀಲವ್ವ ಅದರ ಮುಂದೆ ಹಾಯುವಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಸಿಗಡಿ ಬಿದ್ದೊಡನೆ ಆ ಕ್ಯಾಟ್‌ಫಿಶ್ ಗಿರ್ರನೆ ತಿರುಗಿ ಎಗರುತ್ತಿತ್ತು. ಅಲೆ ಬಂದು ಮೂಲೆಗೆ ಅಪ್ಪಳಿಸುತ್ತಿತ್ತು. ಅದು ಸಾಲದೆಂದು ನೆಂಟರು ಬಂದಾಗ ಗಂಗಾಧರಪ್ಪ ಬೆರಳ ಗೆಣ್ಣಿನಿಂದ ನನ್ನನ್ನು ಟಕಟಕ ಕುಟ್ಟಿ, "ಹೆಂಗ ಹೊಡದ್ರೂ ಏನೂ ಆಗಂಗಿಲ್ಲ ನೋಡ್ರಿ," ಎನ್ನುತ್ತಿದ್ದರು. ನನಗೆ ಜೀವ ಬಾಯಿಗೆ ಬರುತ್ತಿತ್ತು.

ಇಷ್ಟಾದರೂ ನನಗೆ ನನ್ನ ಚಿಂತೆ ಇರಲಿಲ್ಲ. ಒಡೆದರೆ ಒಡೆದೆ. ನನ್ನ ಚಿಂತೆಯ ಹೆಸರು ಇಂಚರ.

ಗಂಗಾಧರಪ್ಪನವರ ಒಬ್ಬಳೇ ಮಗಳು ಅವಳು. ಇನ್ನೂ ಶಾಲೆಗೆ ಸೇರಿರಲಿಲ್ಲ. ತಾಯಿ ಬ್ಯಾಂಕಿಗೆ ಹೋದ ಮೇಲೆ ಅಜ್ಜಿಯ ಹತ್ತಿರ ಇರುತ್ತಿದ್ದಳು. ಮಧ್ಯಾಹ್ನ ನನ್ನ ಎದುರಿಗೇ ಚಾಪೆ ಹಾಸಿಸಿಕೊಂಡು, ಕೆನ್ನೆಯನ್ನು ಗಾಜಿಗೆ ಒತ್ತಿ, ಮೀಸೆಯ ಕ್ಯಾಟ್‌ಫಿಶ್‌ಗೆ "ಮೀಸಿ ಮಾಮಾ" ಎಂದು ಕತೆ ಹೇಳುತ್ತ ನಿದ್ದೆಹೋಗುತ್ತಿದ್ದಳು. ಅವಳ ಉಸಿರಿಗೆ ನನ್ನ ಗಾಜು ಮಂಜಾಗುತ್ತಿತ್ತು. ಅವಳ ತಲೆಯ ಪಕ್ಕದಲ್ಲಿ ಎರಡು ಸಾವಿರ ಲೀಟರ್ ನೀರನ್ನು ಒಂದು ಅರೆಬರೆ ಒಣಗಿದ ಅಂಟು ತಡೆದು ನಿಂತಿತ್ತು.

ಒಂದು ದಿನ ಮೂಲೆಯಲ್ಲಿ ಚುರ್ ಎಂದಿತು. ಒಂದು ಹನಿ ಹೊರಗೆ ಬಂತು, ಅದರ ಹಿಂದೆಯೇ ಇನ್ನೊಂದು. ಇಳಿಜಾರಿನಲ್ಲಿ ಚಾಪೆಯ ಅಂಚು ಇದ್ದದ್ದೂ ಅಲ್ಲಿಯೇ. ಅವಳು ಏಳುವಷ್ಟರಲ್ಲಿ ಚಾಪೆಯೂ ಒದ್ದೆ, ಫ್ರಾಕೂ ಒದ್ದೆ.

ನನಗೆ ಒಳಗೊಳಗೇ ಸಮಾಧಾನವಾಯಿತು. ಮಾತು ಬಾರದ ನಾನು ಹೇಳಬಹುದಾದದ್ದು ಅದೊಂದನ್ನೇ. ಈಗಲಾದರೂ ಯಾರಾದರೂ ನೋಡುತ್ತಾರೆ ಎಂದುಕೊಂಡೆ. ನೀಲವ್ವ ನೋಡಿದರು.

"ಇಷ್ಟ ದೊಡ್ಡಾಕಿ ಆಗಿ ಚಾಪಿ ಒದ್ದಿ ಮಾಡ್ತಿಯಲ್ಲ, ನಾಚಿಕಿ ಬರಂಗಿಲ್ಲೇನ್ ನಿನಗ?"

"ನಾ ಅಲ್ಲಜ್ಜಿ. ಮೀನು ಉಚ್ಚಿ ಹೊಯ್ದಾವ."

ಊಟಕ್ಕೆ ಬಂದಿದ್ದ ಗಂಗಾಧರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೌದ ನೋಡ್ ಬೇ, ಪಾಪ, ಮೀನು ಹೊರಗ ಬಂದು, ಕೂತು, ಹೊಯ್ದು, ತಿರುಗಿ ಒಳಗ ಹೋಗ್ಯಾವ!"

ಇಂಚರ ಅತ್ತಳು. ಆ ಮನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಮರುದಿನವೂ ಒದ್ದೆ, ಮರುದಿನವೂ ಬೈಗುಳ. ಸಾಲದ್ದಕ್ಕೆ ಕಾಲಿನ ಕೆಳಗಿನ ರಟ್ಟು ನೀರು ಕುಡಿದು ಕುಸಿಯತೊಡಗಿತು. ನಾನು ಇನ್ನಷ್ಟು ವಾಲಿದೆ. ಹನಿ ಹೆಚ್ಚಾದಷ್ಟೂ ಹುಡುಗಿಗೆ ಬೈಗುಳ ಹೆಚ್ಚಾಯಿತೇ ಹೊರತು ನನ್ನ ಮೂಲೆಯತ್ತ ಯಾರೂ ಬಗ್ಗಿ ನೋಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಗಂಗಾಧರಪ್ಪ ಒಂದು ಹಿಡಿ ಸಿಗಡಿ ಎಸೆದು, ಕೈ ತೊಳೆದು, ಅಡುಗೆಮನೆಗೆ ಊಟಕ್ಕೆ ಹೋದರು. ನೀಲವ್ವ ರೊಟ್ಟಿ ಬಡಿಸುತ್ತಿದ್ದರು. ಕ್ಯಾಟ್‌ಫಿಶ್ ಎಗರಿತು. ನನ್ನ ಮೂಲೆಯ ಅಂಟು ತಳದಿಂದ ಮೇಲಕ್ಕೆ ಗೇಣುದ್ದ ಬಿಟ್ಟುಕೊಂಡಿತು.

ಆಗಲೇ ಇಂಚರ ಬಂದಳು. ಕೈಯಲ್ಲಿ ಸ್ಟೀಲಿನ ಬಟ್ಟಲು. ಸೀದಾ ಬಂದು ಆ ಮೂಲೆಯಲ್ಲೇ ಕುಕ್ಕರುಗಾಲಲ್ಲಿ ಕೂತಳು. ಬಟ್ಟಲನ್ನು ನೀರಿಗೆ ಒಡ್ಡಿದಳು.

"ಮೀಸಿ ಮಾಮಾ, ಇದರಾಗ ಹೊಯ್ಯಿ. ಅಜ್ಜಿಗೆ ತೋರಸ್ತೀನಿ."

ನನ್ನ ಜನ್ಮದಲ್ಲಿ ಅಂಥ ಭಯವನ್ನು ನಾನು ಕಂಡಿಲ್ಲ. ಬಟ್ಟಲು ತುಂಬಿದರೆ ಅವಳು ಎದ್ದುಹೋಗುತ್ತಾಳೆ. ಬೇಗ ತುಂಬಬೇಕಾದರೆ ನಾನು ಹೆಚ್ಚು ಸೋರಬೇಕು. ಹೆಚ್ಚು ಸೋರಿದರೆ ಅವಳ ಮೇಲೆಯೇ ಒಡೆದುಬೀಳುತ್ತೇನೆ. ಹನಿ ದಾರವಾಯಿತು. ದಾರ ಧಾರೆಯಾಯಿತು. ಬಟ್ಟಲು ತುಂಬಿತು. ಅವಳು ಎರಡೂ ಕೈಯಲ್ಲಿ ಹಿಡಿದು ಎದ್ದಳು. ಎರಡು ಹೆಜ್ಜೆ ಹೋದಳೋ ಇಲ್ಲವೋ, ಸ್ವಲ್ಪ ತುಳುಕಿತು. ಅವಳು ನಿಂತಳು, ಬಟ್ಟಲನ್ನು ನೋಡಿದಳು, ಮತ್ತೆ ನನ್ನ ಕಡೆ ತಿರುಗಿದಳು.

ಬೇಡ ತಾಯಿ, ಅಷ್ಟೇ ಸಾಕು, ಹೋಗು ಎಂದು ನಾನು ಒಳಗೇ ಕೂಗಿದೆ. ಗಾಜಿನ ಕೂಗು ಯಾರಿಗೆ ಕೇಳಬೇಕು?

ಅವಳು ಒಂದು ಕ್ಷಣ ಯೋಚಿಸಿದಳು. ಆಮೇಲೆ, ಅಷ್ಟೇ ಸಾಕೆನಿಸಿತೋ ಏನೋ, ಮೆಲ್ಲಗೆ ಅಡುಗೆಮನೆಯತ್ತ ನಡೆದಳು. "ಅಜ್ಜೀ, ಮೀನಿಂದು ತಂದೀನಿ ನೋಡು!" ಅವಳ ಪುಟ್ಟ ಪಾದ ಹೊಸ್ತಿಲು ದಾಟಿತು. ನಾನು ಒಡೆದೆ.

ಅಲ್ಲಿಯವರೆಗೆ ತಡೆದು ನಿಂತಿದ್ದು ನಾನೋ, ಅದೃಷ್ಟವೋ, ನನಗೆ ಗೊತ್ತಿಲ್ಲ. ನಾನೇ ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ.

ಸೋಫಾ ತೇಲಿತು. ಮುಂದಿನ ಗಾಜು ಚೂರು ಚೂರಾಗಿ ಅವಳು ಮಲಗುತ್ತಿದ್ದ ಜಾಗದಲ್ಲೆಲ್ಲ ಹರಡಿತು. ಅರೋವಾನಾ ನೆಲದ ಮೇಲೆ ಒದ್ದಾಡಿ ಸತ್ತಿತು. ಮೂಗು ಮುಚ್ಚಿಕೊಳ್ಳುತ್ತಿದ್ದ ನೀಲವ್ವ ಸೀರೆ ಎತ್ತಿಕಟ್ಟಿ, ಆಸ್ಕರ್‌ಗಳನ್ನು ಸೆರಗಿನಲ್ಲಿ ಬಾಚಿಕೊಂಡು ಬಚ್ಚಲಿನ ಹಂಡೆಗೆ ಓಡಿದರು. ಕ್ಯಾಟ್‌ಫಿಶ್ ನೀರಿನ ಡ್ರಮ್ಮಿನಲ್ಲಿ ಬದುಕಿಕೊಂಡಿತು. ಅದನ್ನೂ ಉಳಿದವನ್ನೂ ಆಮೇಲೆ ಮೀನು ಸಾಕುವವರೊಬ್ಬರು ಒಯ್ದರು. ಗಂಗಾಧರಪ್ಪ ಮಾತ್ರ ಯಾವ ಮೀನನ್ನೂ ಮುಟ್ಟಲಿಲ್ಲ. ಹೊಸ್ತಿಲಲ್ಲೇ ಮಗಳನ್ನು ಎತ್ತಿಕೊಂಡು, ಆ ಚೂರುಗಳನ್ನು ನೋಡುತ್ತ ನಿಂತಿದ್ದರು. ಅವಳು ಬಟ್ಟಲನ್ನು ಬಿಟ್ಟಿರಲಿಲ್ಲ.

"ನಾ ಅಲ್ಲ ಅಂದಿದ್ನಿ," ಎಂದಳು.

"ಹೌದವ್ವಾ. ನೀ ಅಲ್ಲ," ಎಂದು ಗಂಗಾಧರಪ್ಪ ಅತ್ತುಬಿಟ್ಟರು.

ಈಗ ನನ್ನಲ್ಲಿ ಉಳಿದಿರುವುದು ಹಿಂದಿನ ಒಂದೇ ಗಾಜು. ಹಿತ್ತಲ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿದ್ದಾರೆ. ನೀರಿಲ್ಲ, ಮೀನಿಲ್ಲ, ಹೊರಬೇಕಾದ ಭಾರವೂ ಇಲ್ಲ. ಆದರೂ ಮಳೆ ಬಂದು ಮೈಮೇಲೆ ಹನಿ ಇಳಿದಾಗ ಬೆಚ್ಚಿಬೀಳುತ್ತೇನೆ. ಮತ್ತೆ ಸೋರಿದೆನೇ? ಕೆಳಗೆ ಯಾರಾದರೂ ಮಲಗಿದ್ದಾರೆಯೇ?

ಮೊನ್ನೆ ಹಾಗೆಯೇ ಮಳೆ ಬಂತು. ಕಟ್ಟೆಯೆಲ್ಲ ಒದ್ದೆಯಾದದ್ದನ್ನು ಕಂಡು ನೀಲವ್ವ, "ಈ ಹಾಳ ಗಾಜು ಮತ್ತ ಸೋರಾಕತ್ತೈತಿ ನೋಡು," ಎಂದು ತಮಾಷೆ ಮಾಡಿದರು. ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡೇ ಬಂದ ಇಂಚರ ನಗಲಿಲ್ಲ. ಅಂಗೈಯಿಂದ ನನ್ನ ಮೈ ಒರೆಸಿದಳು.

"ಅದು ಅಲ್ಲಜ್ಜಿ," ಎಂದಳು. "ಮಳಿ."