ಸಿಂಗಪುರಕ್ಕೊಂದು ಫೋನು

ನನ್ನನ್ನು ನೋಡಲು ಬಂದ ಮೂರು ಗಂಡುಗಳನ್ನು ನಮ್ಮಜ್ಜಿ ಆವಲಮ್ಮ ಆಗಲೇ ಓಡಿಸಿದ್ದಳು. ಅವರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಮಾಲೂರಿನ ಅಮರನಾಥ್ ನನಗೆ ಹಿಡಿಸಿಬಿಟ್ಟಿದ್ದ. ಸರಕು ಹಡಗಿನಲ್ಲಿ ಎಂಜಿನಿಯರ್. ಬೈರಕೂರಿನ ನಮ್ಮ ಮನೆಯಲ್ಲಿ ಅವನು ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲೇ ಅಜ್ಜಿ ಶುರು ಮಾಡಿದಳು.

"ಸಮುದ್ರದಾಗೆ ಕಳ್ಳರಿರ್ತಾರಂತಲ್ಲಪ್ಪ?"

"ಇರ್ತಾರೆ ಅಜ್ಜಿ. ಅದಕ್ಕೇ ಅಕ್ಕಪಕ್ಕದ ದೇಶಗಳೆಲ್ಲ ಒಪ್ಪಂದ ಮಾಡ್ಕೊಂಡಿವೆ. ಸಿಂಗಪುರದಲ್ಲಿ ಒಂದು ಆಫೀಸಿದೆ. ಅಲ್ಲಿಗೆ ಫೋನ್ ಮಾಡಿದ್ರೆ ಎಲ್ಲಾ ದೇಶಕ್ಕೂ ಸುದ್ದಿ ಹೋಗುತ್ತೆ. ಯಾರು ಹತ್ರ ಇರ್ತಾರೋ ಅವರು ಬರ್ತಾರೆ."

ಅಜ್ಜಿ ನಕ್ಕಳು. "ನಮ್ಮ ಎಮ್ಮೆ ಕದ್ದೋನು ಆಂಧ್ರದ ಗಡಿ ದಾಟಿದ. ನಮ್ಮ ಪೊಲೀಸ್ನೋರು ಬೋರ್ಡ್ ಹತ್ರ ನಿಂತು ಟೀ ಕುಡ್ದು ವಾಪಸ್ ಬಂದ್ರು. ಎರಡು ರಾಜ್ಯಕ್ಕೇ ಆಗದ್ದು ಅಷ್ಟು ದೇಶಕ್ಕೆ ಆಗುತ್ತಾ? ಎಲ್ಲಿ, ಫೋನ್ ಮಾಡು. ಎತ್ತುತಾರಾ ನೋಡಾಣ."

"ಅದು ಆಪತ್ತಿಗೆ ಮಾತ್ರ ಅಜ್ಜಿ."

"ಹಂಗಾರೆ ಹೆಣ್ಣಿಲ್ಲ, ಎದ್ದೇಳು."

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮುದುಕಿಯ ಎಮ್ಮೆಗೋಸ್ಕರ ನಾನು ಮದುವೆಯಿಲ್ಲದೆ ಕೂರಬೇಕೇ? ಅಮರನಾಥ್ ನನ್ನ ಮುಖ ನೋಡಿದ. ಪಾಪ, ನಂಬರ್ ಒತ್ತಿ ಸ್ಪೀಕರ್ ಹಾಕಿದ. ಎರಡನೇ ರಿಂಗಿಗೇ ಎತ್ತಿದರು. ಹಡಗಿನ ಹೆಸರೇನು, ಎಲ್ಲಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಪ್ಪಾಯಿತು, ಸುಮ್ಮನೆ ಪರೀಕ್ಷೆಗೆ ಮಾಡಿದೆ ಎಂದು ತೊದಲಿ ಇವನು ಇಟ್ಟುಬಿಟ್ಟ.

ಎರಡು ನಿಮಿಷವಾಗಿಲ್ಲ, ಅವರೇ ತಿರುಗಿ ಮಾಡಿದರು. ನಿಮ್ಮ ದನಿ ನಡುಗುತ್ತಿತ್ತು, ಯಾರಾದರೂ ನಿಮ್ಮನ್ನು ಹಿಡಿದು ಕೂರಿಸಿದ್ದಾರೆಯೇ, ಹೌದು ಅಥವಾ ಇಲ್ಲ ಎಂದರೆ ಸಾಕು ಎಂದರು.

ಅಮರನಾಥ್ ಸುತ್ತ ನೋಡಿದ. ಒಂದು ಕಡೆ ನಮ್ಮಪ್ಪ, ಇನ್ನೊಂದು ಕಡೆ ಇಬ್ಬರು ಸೋದರಮಾವಂದಿರು, ಬಾಗಿಲಿಗೆ ಅಡ್ಡವಾಗಿ ಅಜ್ಜಿ.

"ಏಮಂಟಾರೇ?" ಎಂದು ಅಜ್ಜಿ ನನ್ನನ್ನು ಕೇಳಿದಳು. ಗಾಬರಿಯಾದರೆ ಅವಳಿಗೆ ತೆಲುಗೇ ಬರುವುದು. ನಾನು ಸಿಡುಕುತ್ತಲೇ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ.

ಅಜ್ಜಿ ಬಾಗಿಲು ಬಿಟ್ಟು ಹತ್ತಿರ ಬಂದಳು. "ಇವನು ಕೂಗದೆ ಇದ್ರೂ ಅವರೇ ಫೋನ್ ಮಾಡಿ ಕೇಳ್ತಾರಲ್ಲೇ," ಎಂದಳು ಮೆಲ್ಲಗೆ.

ಅಮರನಾಥ್ ಫೋನಿಗೆ ಕೈ ಅಡ್ಡ ಹಿಡಿದ. "ಅಜ್ಜಿ, ಏನ್ ಹೇಳ್ಲಿ?"

"ಮಾವನ ಮನೇಲಿದೀನಿ, ಕ್ಷೇಮ ಅಂತ ಹೇಳಪ್ಪ."